ಹಿಮದ ಕಣಿವೆಗೆ ಟ್ಯಾಂಕ್ ಒಯ್ದ ಕಾಲ್ದಳದ ಸೇನಾನಿ ಜನರಲ್ ತಿಮ್ಮಯ್ಯ

ಬೆಂಗಳೂರು: ಲಿಂಗರಾಜಪುರದ ರೈಲ್ವೆ ಮೇಲ್ಸೇತುವೆ ಇಳಿದು, ಕಾಕ್ಸ್‌ಟೌನ್ ದಾಟಿ ಹಲಸೂರು ಕೆರೆಯತ್ತ ಸಾಗಿದರೆ ಸೇನೆಗೆ ಸೇರಿದ ವಿಶಾಲ ಆವರಣವೊಂದು ಎದುರಾಗುತ್ತದೆ. ಅದು ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಕೇಂದ್ರ. 1780ರಲ್ಲಿ ಜನ್ಮತಾಳಿ, 1834ರಿಂದ ಬೆಂಗಳೂರಿನಲ್ಲಿ ನೆಲೆಯೂರಿದ ಈ ಪಡೆಯ ಯೋಧರನ್ನು ಸೇನೆಯಲ್ಲಿ ಪ್ರೀತಿಯಿಂದ ತಂಬಿಗಳು ಎಂದು ಕರೆಯುವುದುಂಟು. ರಸ್ತೆ ನಿರ್ಮಿಸುವುದು, ಸೇತುವೆ ಕಟ್ಟುವುದು, ನೆಲಬಾಂಬ್ ತೆಗೆಯುವುದು ಇವರ ಕಾಯಕ. ಮಡಿಕೇರಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಓದಿದ ಸೇನಾನಿಯೊಬ್ಬರ ಬದುಕಿನ ಅತ್ಯಂತ ದೊಡ್ಡ ವಿಜಯದ ಹಿಂದೆ ಈ ತಂಬಿಗಳ ಬೆವರೂ ಇತ್ತೆಂಬುದು ನಿತ್ಯ ಈ ದಾರಿಯಲ್ಲಿ ಓಡಾಡುವ ಎಷ್ಟೋ ಮಂದಿಗೆ ತಿಳಿದಿರಲಾರದು.

ಆ ಸೇನಾನಿ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದವರು, ಕೊರಿಯಾ ಮತ್ತು ಸೈಪ್ರಸ್‌ಗಳಲ್ಲಿ ಶಾಂತಿಪಾಲನೆಯ ಹೊಣೆ ಹೊತ್ತವರು ಎಂದು ಅವರನ್ನು ನಾಡು ಸ್ಮರಿಸುತ್ತದೆ. ಆದರೆ ಯುದ್ಧಶಾಸ್ತ್ರದ ವಿದ್ಯಾರ್ಥಿಗಳು ಅವರನ್ನು ನೆನೆಯುವುದು ಮುಖ್ಯವಾಗಿ ಒಂದು ದಿನದ ಕಾರಣಕ್ಕೆ. 1948ರ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಮಾರ್ಗದಲ್ಲಿ ಅವರು ಟ್ಯಾಂಕ್‌ಗಳನ್ನು ಕಾದಾಟಕ್ಕಿಳಿಸಿದರು. ಅಷ್ಟು ಎತ್ತರದಲ್ಲಿ ಅದಕ್ಕೆ ಮುನ್ನ ಟ್ಯಾಂಕ್ ಯುದ್ಧ ನಡೆದಿರಲಿಲ್ಲ.

ಕಂಪ್ಯೂಟರ್ ಪರದೆಯ ಮೇಲೆ ಟ್ಯಾಂಕ್ ಯುದ್ಧದ ಆಟವಾಡುವ ಇಂದಿನ ತರುಣರಿಗೆ ಮೊದಲ ಕೆಲವು ಸೋಲುಗಳಲ್ಲೇ ಒಂದು ಪಾಠ ಮನವರಿಕೆಯಾಗುತ್ತದೆ. ಕಾಲ್ದಳವನ್ನು ಹಿಂದೆ ಬಿಟ್ಟು ಟ್ಯಾಂಕ್‌ಗಳನ್ನಷ್ಟೇ ಮುನ್ನುಗ್ಗಿಸಿದರೆ ಕಾಡಿನ ಅಂಚಿನಲ್ಲೋ ಊರಿನ ಓಣಿಯಲ್ಲೋ ಅಡಗಿ ಕುಳಿತವರು ಅವುಗಳನ್ನು ಒಂದೊಂದಾಗಿ ಮುಗಿಸುತ್ತಾರೆ. ಟ್ಯಾಂಕ್ ಇಲ್ಲದೆ ಕಾಲ್ದಳವನ್ನಷ್ಟೇ ಬಯಲಿಗೆ ಕಳುಹಿಸಿದರೆ ಮಶೀನ್‌ಗನ್‌ಗಳು ಅದನ್ನು ನೆಲಕ್ಕೆ ಒತ್ತಿಬಿಡುತ್ತವೆ. ಆಟದಲ್ಲಿ ಈ ತಪ್ಪಿಗೆ ದಂಡವಿಲ್ಲ. ಮರಳಿ ಮೊದಲಿನಿಂದ ಆರಂಭಿಸಬಹುದು. ತಿಮ್ಮಯ್ಯನವರ ಮುಂದೆ ಅಂಥ ಅವಕಾಶವಿರಲಿಲ್ಲ. ಚಳಿಗಾಲ ಬಾಗಿಲಲ್ಲಿತ್ತು. ಸೋತರೆ ಲಡಾಖ್ ಕೈತಪ್ಪುವ ಭೀತಿಯಿತ್ತು.

ಮಡಿಕೇರಿಯಿಂದ ಸ್ಯಾಂಡ್‌ಹರ್ಸ್ಟ್‌ಗೆ

ತಿಮ್ಮಯ್ಯನವರು ಜನಿಸಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಕಾಫಿ ಬೆಳೆಗಾರರ ಅನುಕೂಲಸ್ಥ ಕುಟುಂಬ. ತಾಯಿ ಸೀತಮ್ಮನವರು ಸಮಾಜಸೇವೆಗಾಗಿ ಆ ಕಾಲದಲ್ಲಿಯೇ ಸರ್ಕಾರದ ಮನ್ನಣೆ ಪಡೆದಿದ್ದವರು. ಬಾಲಕನ ವಿದ್ಯಾಭ್ಯಾಸ ಕೂನೂರಿನ ಸೇಂಟ್ ಜೋಸೆಫ್ ಶಾಲೆಯಲ್ಲಿ ಆರಂಭವಾಗಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಮುಂದುವರಿಯಿತು. ಬಳಿಕ ಡೆಹ್ರಾಡೂನ್‌ನ ಸೈನಿಕ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ವಿದ್ಯಾಲಯ. 1926ರ ಫೆಬ್ರುವರಿಯಲ್ಲಿ ಅವರು ಅಧಿಕಾರಿಯಾಗಿ ಸೇನೆ ಸೇರಿದರು.

ಭಾರತೀಯರಿಗೆ ಸೇನೆಯಲ್ಲಿ ಉನ್ನತ ಹುದ್ದೆ ದೊರೆಯುವುದು ಅಪರೂಪವಾಗಿದ್ದ ಕಾಲವದು. ಮೊದಲು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯಲ್ಲಿ ತಾತ್ಕಾಲಿಕ ಸೇವೆ. ಅನಂತರ 19ನೇ ಹೈದರಾಬಾದ್ ರೆಜಿಮೆಂಟ್‌ನ 4ನೇ ಬೆಟಾಲಿಯನ್‌ಗೆ ನೇಮಕ. ಈ ರೆಜಿಮೆಂಟೇ ಮುಂದೆ ಕುಮಾವೂಂ ರೆಜಿಮೆಂಟ್ ಆಯಿತು. ಇರಾಕ್‌ನಲ್ಲಿ ಮತ್ತು ವಾಯವ್ಯ ಗಡಿಪ್ರಾಂತ್ಯದಲ್ಲಿ ಸಲ್ಲಿಸಿದ ಸೇವೆ ಅವರಿಗೆ ಕಾಲ್ದಳದ ದೈನಂದಿನ ಬದುಕನ್ನು ಕಲಿಸಿತು. ಬೆಟ್ಟದ ಯುದ್ಧದಲ್ಲಿ ದಾರಿಗಿಂತ ದಾರಿಯ ಮೇಲಿನ ತುದಿ ಯಾರ ವಶದಲ್ಲಿದೆ ಎಂಬುದೇ ನಿರ್ಣಾಯಕವೆಂಬುದು ಗಡಿಪ್ರಾಂತ್ಯದ ಹಳೆಯ ಪಾಠ. ಅದು ಮುಂದೆ ಉಪಯೋಗಕ್ಕೆ ಬರಲಿತ್ತು.

1935ರಲ್ಲಿ ಅವರು ನೀನಾ ಕಾರಿಯಪ್ಪ ಅವರನ್ನು ವಿವಾಹವಾದರು. ಅದೇ ವರ್ಷ ಕ್ವೆಟ್ಟಾ ನಗರ ಭೀಕರ ಭೂಕಂಪಕ್ಕೆ ತುತ್ತಾದಾಗ ನವದಂಪತಿ ಅಲ್ಲಿಯೇ ಇದ್ದು ಪರಿಹಾರ ಕಾರ್ಯದಲ್ಲಿ ತೊಡಗಿದರು.

ಬರ್ಮಾದ ಕಾಡಿನಲ್ಲಿ

ಎರಡನೇ ಮಹಾಯುದ್ಧ ತಿಮ್ಮಯ್ಯನವರ ಮನೆಯನ್ನೇ ಎರಡು ದಿಕ್ಕಿಗೆ ಎಳೆಯಿತು. ಹಿರಿಯ ಸೋದರ ಪೊನ್ನಪ್ಪ ಸಿಂಗಪುರದ ಪತನದ ಬಳಿಕ ಆಜಾದ್ ಹಿಂದ್ ಫೌಜ್ ಸೇರಿದರು. ತಿಮ್ಮಯ್ಯ ಬ್ರಿಟಿಷ್ ಭಾರತದ ಸೇನೆಯಲ್ಲಿ ಉಳಿದು ಬರ್ಮಾದ ಅರಕಾನ್ ಪ್ರದೇಶದಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. 25ನೇ ಡಿವಿಜನ್‌ನಲ್ಲಿ ಸಿಬ್ಬಂದಿ ಅಧಿಕಾರಿಯಾಗಿದ್ದ ಅವರಿಗೆ ಹೈದರಾಬಾದ್ ರೆಜಿಮೆಂಟ್‌ನ 8ನೇ ಬೆಟಾಲಿಯನ್ನಿನ ನಾಯಕತ್ವ ದೊರೆಯಿತು.

1945ರ ಆರಂಭದ ಕಾಂಗಾವ್ ಕದನದಲ್ಲಿ 51ನೇ ಬ್ರಿಗೇಡ್‌ನ ಮೂರು ಬೆಟಾಲಿಯನ್‌ಗಳನ್ನೂ ಭಾರತೀಯರೇ ಮುನ್ನಡೆಸಿದರು. ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್ ಮತ್ತು ಎಲ್.ಪಿ. ಸೇನ್ ಆ ಮೂವರು. ಮೂವರಿಗೂ ಶೌರ್ಯಕ್ಕಾಗಿ ಡಿಎಸ್ಒ ಪದಕ ಸಂದಿತು. ಭಾರತೀಯ ಅಧಿಕಾರಿಗಳು ದೊಡ್ಡ ಪಡೆಗಳನ್ನು ನಡೆಸಬಲ್ಲರೇ ಎಂಬ ಬ್ರಿಟಿಷರ ಸಂದೇಹಕ್ಕೆ ಇದು ಸಮರ್ಥ ಉತ್ತರವಾಗಿತ್ತು. ಅನಂತರ ತಿಮ್ಮಯ್ಯನವರು 36ನೇ ಬ್ರಿಗೇಡ್‌ನ ನೇತೃತ್ವ ವಹಿಸಿ, ಆ ಮಹಾಯುದ್ಧದ ರಣರಂಗದಲ್ಲಿ ಬ್ರಿಗೇಡ್ ನಡೆಸಿದ ಏಕೈಕ ಭಾರತೀಯನೆಂಬ ಹಿರಿಮೆಗೆ ಪಾತ್ರರಾದರು.

ಬರ್ಮಾದ ಯುದ್ಧ ಇನ್ನೊಂದು ವಿಷಯದಲ್ಲಿಯೂ ಭಾರತೀಯ ಸೇನೆಗೆ ಪಾಠಶಾಲೆಯಾಯಿತು. ಮರದ ದಿಮ್ಮಿ ಮತ್ತು ಮಣ್ಣಿನಿಂದ ಕಟ್ಟಿದ ಜಪಾನೀಯರ ಅಡಗುದಾಣಗಳು ಫಿರಂಗಿ ದಾಳಿಗೆ ಸುಲಭವಾಗಿ ಬಗ್ಗುತ್ತಿರಲಿಲ್ಲ. ಟ್ಯಾಂಕ್ ತೀರ ಸಮೀಪಕ್ಕೆ ಹೋಗಿ ಗುಂಡಿನ ಕಂಡಿಗೇ ನೇರವಾಗಿ ಹೊಡೆಯಬೇಕಾಗಿತ್ತು. ಅಷ್ಟು ಸಮೀಪ ಹೋದ ಟ್ಯಾಂಕ್‌ನ ಮೇಲೆ ಪೊದೆಯಿಂದ ಹಾರಿ ಬರುವ ಶತ್ರುವನ್ನು ತಡೆಯಲು ಅಕ್ಕಪಕ್ಕದಲ್ಲಿ ಕಾಲ್ದಳ ನಡೆಯಬೇಕಾಗಿತ್ತು. ಮೂಲತಃ ಮದ್ರಾಸ್ ಪ್ರಾಂತ್ಯದ ಅಶ್ವದಳವಾಗಿದ್ದ 7ನೇ ಲೈಟ್ ಕ್ಯಾವಲ್ರಿ ತನ್ನ ಹಗುರ ಸ್ಟುವರ್ಟ್ ಟ್ಯಾಂಕ್‌ಗಳೊಂದಿಗೆ 1944ರಲ್ಲಿ ಇಂಫಾಲ್‌ನ ಬೆಟ್ಟಗಳ ನಡುವೆ ಕಾದಾಡಿತ್ತು. ನಾಲ್ಕು ವರ್ಷಗಳ ಬಳಿಕ ಇದೇ ರೆಜಿಮೆಂಟ್ ಜೋಜಿಲಾದಲ್ಲಿ ತಿಮ್ಮಯ್ಯನವರ ಕೈಯ ಆಯುಧವಾಯಿತು.

ಮುಚ್ಚಿಹೋದ ಬಾಗಿಲು

1947ರಲ್ಲಿ ದೇಶ ವಿಭಜನೆಯಾದಾಗ ತಿಮ್ಮಯ್ಯನವರು ಪಂಜಾಬಿನಲ್ಲಿ ನಿರಾಶ್ರಿತರ ರಕ್ಷಣೆಯ ಹೊಣೆ ಹೊತ್ತಿದ್ದರು. ಮರುವರ್ಷ ಮೇಜರ್ ಜನರಲ್ ಆಗಿ ಕಾಶ್ಮೀರದ 19ನೇ ಡಿವಿಜನ್‌ನ ನೇತೃತ್ವ ಅವರ ಹೆಗಲೇರಿತು. ಪರಿಸ್ಥಿತಿ ಗಂಭೀರವಾಗಿತ್ತು. ಗಿಲ್ಗಿಟ್ ಮೊದಲೇ ಕೈತಪ್ಪಿತ್ತು. 1948ರ ಬೇಸಿಗೆಯಲ್ಲಿ ಕಾರ್ಗಿಲ್ ಮತ್ತು ದ್ರಾಸ್ ದಾಳಿಕೋರರ ವಶವಾದವು. ತಿಂಗಳುಗಟ್ಟಲೆ ಮುತ್ತಿಗೆಯನ್ನು ಸಹಿಸಿದ್ದ ಸ್ಕರ್ದು ಆಗಸ್ಟ್‌ನಲ್ಲಿ ಶರಣಾಯಿತು. ಶ್ರೀನಗರದಿಂದ ಲಡಾಖ್‌ಗೆ ಹೋಗುವ ದಾರಿಯ ಹೆಬ್ಬಾಗಿಲಿನಂತಿದ್ದ ಜೋಜಿಲಾ ಶತ್ರುವಿನ ಪಾಲಾಯಿತು. ಲೇಹ್ ಒಂಟಿಯಾಯಿತು.

ಅದೇ ವರ್ಷದ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಲೇಹ್‌ನ ತಾತ್ಕಾಲಿಕ ಓಡುಹಾದಿಯಲ್ಲಿ ಮೊದಲ ಬಾರಿಗೆ ಇಳಿಸಿದಾಗ, ಅದರಲ್ಲಿದ್ದ ಪ್ರಯಾಣಿಕರಲ್ಲಿ ತಿಮ್ಮಯ್ಯನವರೂ ಒಬ್ಬರು. ಲಡಾಖಿ ಎಂಜಿನಿಯರ್ ಸೋನಂ ನೋರ್ಬು ಸ್ಥಳೀಯರ ನೆರವಿನಿಂದ ನಿರ್ಮಿಸಿದ ಓಡುಹಾದಿಯದು. ಡಿವಿಜನ್‌ನ ನಾಯಕನೇ ವಿಮಾನದಲ್ಲಿ ಕುಳಿತು ಬಂದದ್ದು ಉಳಿದವರಿಗೆ ಧೈರ್ಯ ತುಂಬಿತು. ಆದರೆ ವಿಮಾನದಿಂದ ಲೇಹ್‌ಗೆ ಕೆಲವು ಸೈನಿಕರನ್ನು ಕಳುಹಿಸಬಹುದಿತ್ತೇ ಹೊರತು ಇಡೀ ಲಡಾಖ್ ಅನ್ನು ಚಳಿಗಾಲದುದ್ದಕ್ಕೂ ಪೋಷಿಸುವುದು ಸಾಧ್ಯವಿರಲಿಲ್ಲ. ನೆಲದ ದಾರಿ ತೆರೆಯಲೇಬೇಕಾಗಿತ್ತು.

ಸೆಪ್ಟೆಂಬರ್‌ನಲ್ಲಿ ಬ್ರಿಗೇಡಿಯರ್ ಕೆ.ಎಲ್. ಅಟಲ್ ನೇತೃತ್ವದ 77ನೇ ಪ್ಯಾರಾಚ್ಯೂಟ್ ಬ್ರಿಗೇಡ್ ಜೋಜಿಲಾದ ಮೇಲೆ ದಾಳಿ ನಡೆಸಿತು. ಅದು ಕಾಲ್ದಳದ ನೇರ ದಾಳಿ. ಎರಡೂ ಬದಿಯ ಬಂಡೆಗಳ ಗುಹೆಗಳಲ್ಲಿ ಶತ್ರು ಮಶೀನ್‌ಗನ್‌ಗಳನ್ನು ಹೂಡಿದ್ದ. ಫಿರಂಗಿಯ ಗುಂಡುಗಳಾಗಲಿ ವಿಮಾನದ ಬಾಂಬುಗಳಾಗಲಿ ಗುಹೆಯ ಒಳಗನ್ನು ತಲುಪಲಿಲ್ಲ. ಮರೆಯಿಲ್ಲದ ಇಕ್ಕಟ್ಟಿನ ಕಣಿವೆಯಲ್ಲಿ ಸೈನಿಕರು ಮುಂದುವರಿಯಲಾಗದೆ ಹಿಂದಿರುಗಬೇಕಾಯಿತು. ಧೈರ್ಯದ ಕೊರತೆಯಿಂದ ಬಂದ ಸೋಲಲ್ಲ ಅದು. ಗುಹೆಯ ಬಾಯಿಗೆ ನೇರವಾಗಿ ಗುಂಡು ಹಾರಿಸಬಲ್ಲ, ಮಶೀನ್‌ಗನ್‌ಗೆ ಅಂಜದ ಸಾಧನ ಅವರೊಂದಿಗಿರಲಿಲ್ಲ. ಆ ಸಾಧನ ಟ್ಯಾಂಕ್ ಎಂಬ ನಿರ್ಣಯಕ್ಕೆ ತಿಮ್ಮಯ್ಯನವರು ಬಂದರು.

ಹೇಸರಗತ್ತೆಯ ದಾರಿ ರಸ್ತೆಯಾಯಿತು

ಟ್ಯಾಂಕ್‌ಗಳಿದ್ದುದು ಜಮ್ಮು ಭಾಗದ ಅಖ್ನೂರಿನಲ್ಲಿ. ಅವುಗಳನ್ನು ಬನಿಹಾಲ್ ಮಾರ್ಗವಾಗಿ ಶ್ರೀನಗರಕ್ಕೂ, ಅಲ್ಲಿಂದ ಜೋಜಿಲಾದ ಬುಡದಲ್ಲಿರುವ ಬಾಲ್ಟಾಲ್‌ಗೂ ತರಬೇಕಾಗಿತ್ತು. ಸ್ಟುವರ್ಟ್ ಟ್ಯಾಂಕ್ ಅಂದಿನ ಲೆಕ್ಕದಲ್ಲಿ ಹಗುರವಾದದ್ದು. ಆದರೂ ಸುಮಾರು 15 ಟನ್ ತೂಕ. ಬೆಟ್ಟದ ದಾರಿಯ ಸೇತುವೆಗಳು ಆ ಭಾರ ತಾಳುವಂತಿರಲಿಲ್ಲ. ಹೀಗಾಗಿ ಟ್ಯಾಂಕ್‌ಗಳ ಮೇಲ್ಗೋಪುರಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಲಾಯಿತು. ಗುಟ್ಟು ರಟ್ಟಾಗದಂತೆ ಅವುಗಳಿಗೆ ಟಾರ್ಪಾಲಿನ್ ಹೊದಿಸಲಾಯಿತು. ಶ್ರೀನಗರದಲ್ಲಿ ಕರ್ಫ್ಯೂ ವಿಧಿಸಿ ಅವುಗಳನ್ನು ಜನರ ಕಣ್ಣಿಗೆ ಬೀಳದಂತೆ ದಾಟಿಸಲಾಯಿತು.

ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಗಳು ನಡೆಯುವ ಕಿರುದಾರಿ ಮಾತ್ರ. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಮದ್ರಾಸ್ ಸ್ಯಾಪರ್ಸ್‌ನ ಮೇಜರ್ ತಂಗರಾಜು ಮತ್ತವರ ಯೋಧರು ಆ ಕಿರುದಾರಿಯನ್ನು ಟ್ಯಾಂಕ್ ಏರುವಷ್ಟು ಅಗಲಗೊಳಿಸುವ ಕೆಲಸಕ್ಕಿಳಿದರು. ಕೊರೆಯುವ ಚಳಿ, ಉಸಿರು ಸಾಲದ ಎತ್ತರ, ಶತ್ರುವಿನ ಗುಂಡು, ಇವುಗಳ ನಡುವೆ ಬಂಡೆ ಸಿಡಿಸಿ, ಮಣ್ಣು ಸರಿಸಿ ಅವರು ದಾರಿ ಮಾಡಿದರು. ದಕ್ಷಿಣ ಭಾರತದ ಬಿಸಿಲಿನ ಊರುಗಳಿಂದ ಬಂದು ಹಲಸೂರಿನಲ್ಲಿ ತರಬೇತಿ ಪಡೆದವರು ಹಿಮಾಲಯದ ಬಂಡೆಯನ್ನು ಒಡೆದದ್ದು ಆ ಕಾರ್ಯಾಚರಣೆಯ ಮರೆಯಲಾಗದ ಅಧ್ಯಾಯ. ಈ ರಸ್ತೆ ಇಲ್ಲದಿದ್ದರೆ ಟ್ಯಾಂಕ್‌ಗಳು ಬಾಲ್ಟಾಲ್‌ನಲ್ಲಿ ನಿಂತ ಕಬ್ಬಿಣದ ಪೆಟ್ಟಿಗೆಗಳಾಗಿಯೇ ಉಳಿಯುತ್ತಿದ್ದವು.

ಕಾರ್ಯಾಚರಣೆಗೆ ಬೈಸನ್ ಎಂದು ಹೆಸರಿಡಲಾಯಿತು. ಪಶ್ಚಿಮ ಭಾಗದ ಸೇನೆಯ ಒಟ್ಟು ನೇತೃತ್ವ ಕೊಡಗಿನವರೇ ಆದ ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪ ಅವರದಾಗಿತ್ತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಹವಾಮಾನ ಕೆಟ್ಟು ದಾಳಿಯ ದಿನ ಮುಂದೆ ಹೋಯಿತು. ಹಿಮ ಬೀಳತೊಡಗಿತು. ಇನ್ನಷ್ಟು ಕಾದರೆ ಕಣಿವೆಯೇ ಮುಚ್ಚಿಹೋಗುವ ಸಂಭವವಿತ್ತು.

ನವೆಂಬರ್ 1ರ ಮಧ್ಯಾಹ್ನ

1948ರ ನವೆಂಬರ್ 1ರ ಮಧ್ಯಾಹ್ನ, ಹಿಮದ ತೆರೆಯ ನಡುವೆ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ನೇತೃತ್ವದ 7ನೇ ಕ್ಯಾವಲ್ರಿಯ ಟ್ಯಾಂಕ್‌ಗಳು ಕಣಿವೆ ಪ್ರವೇಶಿಸಿದವು. ಮುಂಚೂಣಿಯ ಟ್ಯಾಂಕ್‌ನಲ್ಲಿ ಸ್ವತಃ ತಿಮ್ಮಯ್ಯನವರಿದ್ದರೆಂದು ಸೇನಾ ಇತಿಹಾಸಕಾರರು ದಾಖಲಿಸಿದ್ದಾರೆ. ಡಿವಿಜನ್‌ನ ನಾಯಕರು ಸಾಮಾನ್ಯವಾಗಿ ಹಿಂದಿನ ಶಿಬಿರದಿಂದ ಆಜ್ಞೆ ನೀಡುವವರು. ಯಾರೂ ಮಾಡಿ ನೋಡದ ಕೆಲಸಕ್ಕೆ ಸೈನಿಕರನ್ನು ಕಳುಹಿಸುವಾಗ ತಾವು ಹಿಂದುಳಿಯುವುದು ಅವರಿಗೆ ಸರಿಕಾಣಲಿಲ್ಲ.

ಈ ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಶತ್ರು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅದನ್ನು ಎದುರಿಸುವ ಸಿದ್ಧತೆಯೂ ಅವನಲ್ಲಿರಲಿಲ್ಲ. ಸ್ಟುವರ್ಟ್‌ಗಳ 37 ಮಿಲಿಮೀಟರ್ ತೋಪುಗಳು ಗುಹೆಗಳ ಬಾಯಿಗೆ ನೇರವಾಗಿ ಗುಂಡಿಕ್ಕಿದವು. ತಿಂಗಳುಗಳಿಂದ ಇಡೀ ಬ್ರಿಗೇಡನ್ನು ತಡೆದಿದ್ದ ಮಶೀನ್‌ಗನ್‌ಗಳು ಒಂದೊಂದಾಗಿ ಮೌನವಾದವು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಟ್ಯಾಂಕ್ ಶತ್ರುವನ್ನು ಓಡಿಸಬಲ್ಲದು. ನೆಲವನ್ನು ಹಿಡಿದು ಕೂರಲಾರದು. ಒಳಗೆ ಕುಳಿತವರಿಗೆ ಕಾಣುವುದು ಕಿರಿದಾದ ಕಂಡಿಯಲ್ಲಿ ಹಾದುಬರುವ ತುಂಡು ಲೋಕ. ತಲೆಯ ಮೇಲಿನ ಕಡಿದಾದ ಬಂಡೆಯತ್ತ ತೋಪನ್ನು ಬೇಕಾದಷ್ಟು ಎತ್ತಲಾಗದು. ಕತ್ತಲಾದರೆ ಕುರುಡು. ಆದುದರಿಂದಲೇ ಟ್ಯಾಂಕ್‌ಗಳ ಬೆನ್ನಿಗೇ 1ನೇ ಪಟಿಯಾಲ ಬೆಟಾಲಿಯನ್ನಿನ ಯೋಧರು ನುಗ್ಗಿ ಗುಮ್ರಿ ಬಯಲನ್ನು ವಶಪಡಿಸಿಕೊಂಡರು. ಗುಹೆಗಳನ್ನು ಒಳಹೊಕ್ಕು ಶೋಧಿಸಿದವರು, ಇಕ್ಕೆಲದ ಎತ್ತರಗಳನ್ನು ಏರಿದವರು, ರಾತ್ರಿಯಿಡೀ ಹಿಮದಲ್ಲಿ ಎಚ್ಚರವಾಗಿದ್ದು ಗೆದ್ದ ನೆಲವನ್ನು ಕಾದವರು ಈ ಕಾಲಾಳುಗಳೇ. ಚಳಿಗೆ ತಕ್ಕ ಉಡುಪಿನ ಕೊರತೆಯಿಂದ ಅನೇಕರ ಕೈಕಾಲುಗಳು ಹಿಮಹುಣ್ಣಿಗೆ ತುತ್ತಾದವು.

ಮುಂದಿನ ಎರಡು ವಾರಗಳಲ್ಲಿ ಈ ಹೊಂದಾಣಿಕೆಯ ಅಗತ್ಯ ಇನ್ನಷ್ಟು ಸ್ಪಷ್ಟವಾಯಿತು. ಮಾಟಾಯನ್ ದಾಟಿದ ಪಡೆಯನ್ನು ಪಿಂದ್ರಾಸ್ ಬಳಿ ಕಣಿವೆಯ ಎರಡೂ ಬದಿಯ ಎತ್ತರಗಳಲ್ಲಿದ್ದ ಶತ್ರು ತಡೆದು ನಿಲ್ಲಿಸಿದ. ಅಲ್ಲಿ ಟ್ಯಾಂಕ್ ಮುಂದೆ, ಕಾಲ್ದಳ ಹಿಂದೆ ಎಂಬ ಕ್ರಮ ನಡೆಯಲಿಲ್ಲ. ಕಾಲ್ದಳ ಮೊದಲು ಬೆಟ್ಟವೇರಿ ಎತ್ತರಗಳನ್ನು ಗೆದ್ದ ಮೇಲಷ್ಟೇ ಟ್ಯಾಂಕ್‌ಗಳಿಗೆ ಕಣಿವೆಯ ದಾರಿ ತೆರೆಯಿತು. ಬಯಲಲ್ಲಿ ಟ್ಯಾಂಕ್ ಕಾಲಾಳಿಗೆ ಗುರಾಣಿ; ಇಕ್ಕಟ್ಟಿನಲ್ಲಿ ಕಾಲಾಳೇ ಟ್ಯಾಂಕ್‌ಗೆ ಗುರಾಣಿ. ಯಾವಾಗ ಯಾರು ಮುಂದೆ ಎಂಬುದನ್ನು ನೆಲ ನೋಡಿ ನಿರ್ಧರಿಸುವುದೇ ನಾಯಕನ ವಿವೇಕ.

ನವೆಂಬರ್ ಮಧ್ಯಭಾಗದಲ್ಲಿ ದ್ರಾಸ್, 24ರ ವೇಳೆಗೆ ಕಾರ್ಗಿಲ್ ಮರಳಿ ಭಾರತದ ವಶವಾದವು. ಲೇಹ್ ಕಡೆಯಿಂದ ಬಂದ ಪಡೆಯೊಂದಿಗೆ ಸಂಪರ್ಕ ಏರ್ಪಟ್ಟಿತು. 1949ರ ಜನವರಿ 1ರಂದು ಕದನವಿರಾಮ ಜಾರಿಗೆ ಬಂದಾಗ ಲಡಾಖ್‌ನ ದಾರಿ ಭಾರತದ ಕೈಯಲ್ಲಿತ್ತು. ಜೋಜಿಲಾದ ದಾಳಿ ಆ ಚಳಿಗಾಲ ದಾಟಿ ಮುಂದೆ ಹೋಗಿದ್ದರೆ ಕದನವಿರಾಮದ ರೇಖೆ ಎಲ್ಲಿ ನಿಲ್ಲುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಗೆಲುವಿನ ಹಿಂದೆ ತಿಮ್ಮಯ್ಯನವರ ಮನೆಯ ನೋವೂ ಇದೆ. ಅವರ ಕಿರಿಯ ಸೋದರ ಸೋಮಯ್ಯ ಸಹ ಸೇನಾಧಿಕಾರಿ. ಇದೇ ಕಾಶ್ಮೀರ ಯುದ್ಧದಲ್ಲಿ ನೆಲಬಾಂಬ್ ಸಿಡಿದು ಅವರು ಪ್ರಾಣ ಕಳೆದುಕೊಂಡರು.

ಮೇಲೇರಿದ ಮೇಲೂ ಕಾಲ್ದಳದವರೇ

ಕಾಶ್ಮೀರದ ಬಳಿಕ ತಿಮ್ಮಯ್ಯನವರು ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಯ ಮುಖ್ಯಸ್ಥರಾದರು. 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳ ಹಸ್ತಾಂತರಕ್ಕಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ವಹಿಸಿದರು. ತಾಯ್ನಾಡಿಗೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ವಿಚಾರ ಅದು. ಎರಡು ಬಣಗಳ ನಡುವೆ ಸಮಚಿತ್ತದಿಂದ ನಡೆದುಕೊಂಡ ಅವರು ಲೋಕದ ಮೆಚ್ಚುಗೆ ಗಳಿಸಿದರು. 1954ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು.

1957ರ ಮೇ ತಿಂಗಳಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ಅಂದಿನ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯ ತೀವ್ರವಾಗಿ 1959ರ ಆಗಸ್ಟ್ ಕೊನೆಯಲ್ಲಿ ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಅವರ ಮನವೊಲಿಕೆಗೆ ಮಣಿದು ಅದನ್ನು ಹಿಂಪಡೆದರು. ರಾಜೀನಾಮೆ ಕೊಟ್ಟದ್ದು ತಪ್ಪೆಂದವರಿದ್ದಾರೆ. ಹಿಂಪಡೆದದ್ದು ತಪ್ಪೆಂದವರೂ ಇದ್ದಾರೆ. ಅವರ ಬದುಕಿನಲ್ಲಿ ಇಂದಿಗೂ ಚರ್ಚೆಗೊಳಗಾಗುವ ಘಟ್ಟ ಇದೊಂದೇ. 1961ರಲ್ಲಿ ಅವರು ನಿವೃತ್ತರಾದರು. ಮರುವರ್ಷವೇ ಚೀನಾ ಯುದ್ಧ ಎದುರಾಗಿ, ಎತ್ತರದ ಪ್ರದೇಶದಲ್ಲಿ ಉಡುಪು, ರಸ್ತೆ, ಸಿದ್ಧತೆ ಇಲ್ಲದೆ ಕಾಲ್ದಳವನ್ನು ಕಳುಹಿಸಿದರೆ ಏನಾಗುತ್ತದೆಂಬುದನ್ನು ದೇಶ ಕಣ್ಣಾರೆ ಕಂಡಿತು.

1964ರಲ್ಲಿ ವಿಶ್ವಸಂಸ್ಥೆ ಸೈಪ್ರಸ್‌ನ ಶಾಂತಿಪಾಲನಾ ಪಡೆಯ ನೇತೃತ್ವವನ್ನು ಅವರಿಗೆ ವಹಿಸಿತು. ಅಲ್ಲಿಯೇ ಕರ್ತವ್ಯದಲ್ಲಿದ್ದಾಗ 1965ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ಕೊನೆಯುಸಿರೆಳೆದರು. ವಯಸ್ಸು 59. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಅಂತ್ಯಸಂಸ್ಕಾರ ನೆರವೇರಿಸಲಾಯಿತು. ಸೈಪ್ರಸ್ ಸರ್ಕಾರ ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ ವಸ್ತುಸಂಗ್ರಹಾಲಯವಾಗಿ 2021ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡಿತು.

ಜೋಜಿಲಾದ ಗೆಲುವನ್ನು ಟ್ಯಾಂಕ್‌ನ ಗೆಲುವೆಂದು ಕರೆಯುವುದು ವಾಡಿಕೆ. ಅದು ಅರ್ಧ ಸತ್ಯ. ದಾರಿ ಮಾಡಿದವರು ತಂಬಿಗಳು, ಗುಹೆಗಳನ್ನು ಬಾಯಿ ಮುಚ್ಚಿಸಿದ್ದು ಟ್ಯಾಂಕ್, ಗೆದ್ದ ನೆಲವನ್ನು ಕಾದದ್ದು ಕಾಲ್ದಳ. ಈ ಮೂವರನ್ನೂ ಒಂದೇ ಹೊತ್ತಿಗೆ ಒಂದೇ ಕಡೆ ಸೇರಿಸಿದ್ದು ಕಾಲ್ದಳದಲ್ಲೇ ಬೆಳೆದು ಬಂದ ತಿಮ್ಮಯ್ಯನವರ ಸಾಧನೆ. ಪರದೆಯ ಮೇಲಿನ ಆಟದಲ್ಲಿ ಕಾಲಾಳಿನ ಬೆಲೆ ಅತಿ ಕಡಿಮೆ. ಆಟಗಾರ ಮೊದಲು ಬಲಿಕೊಡುವುದು ಅವನನ್ನೇ. ತಿಮ್ಮಯ್ಯನವರು ಟ್ಯಾಂಕ್‌ಗಳನ್ನು ಅಷ್ಟು ಕಷ್ಟಪಟ್ಟು ಬೆಟ್ಟಕ್ಕೇರಿಸಿದ್ದು ಆ ಕಾಲಾಳು ಇನ್ನೊಮ್ಮೆ ಮರೆಯಿಲ್ಲದ ಕಣಿವೆಯಲ್ಲಿ ವ್ಯರ್ಥವಾಗಿ ಬೀಳಬಾರದೆಂದು. ಲಿಂಗರಾಜಪುರದಿಂದ ಹಲಸೂರಿಗೆ ಹೋಗುವಾಗ ಎದುರಾಗುವ ಆ ಸೇನಾ ಆವರಣದತ್ತ ಒಮ್ಮೆ ಕಣ್ಣು ಹಾಯಿಸುವವರಿಗೆ ಇಷ್ಟು ನೆನಪಿದ್ದರೆ ಸಾಕು.